ನಾಲ್ಕಾಣೆಯ ಸದಸ್ಯನೂ ಪಕ್ಷದ ಅಧ್ಯಕ್ಷಪೀಠವೂ



ಪ್ರಜೆಗಳು ತಮ್ಮ ಪ್ರತಿನಿಧಿಗಳನ್ನು ಹೇಗೆ ಆರಿಸಿಕೊಳ್ಳುತ್ತಾರೆಂಬ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಆ ಪ್ರತಿನಿಧಿಗಳನ್ನು ಪ್ರಜೆಗಳ ಮುಂದೆ ತಂದು ನಿಲ್ಲಿಸುವ ಪಕ್ಷಗಳು ತಮ್ಮ ನಾಯಕರನ್ನು ಹೇಗೆ ಆರಿಸಿಕೊಳ್ಳುತ್ತವೆ, ಆ ಆಯ್ಕೆಯಲ್ಲಿ ಪಕ್ಷದ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ನಿಂತು ಗೋಡೆಗೆ ಭಿತ್ತಿಪತ್ರ ಅಂಟಿಸುವ, ಮತಗಟ್ಟೆಯ ಹೊರಗೆ ಬಿಸಿಲಿನಲ್ಲಿ ಮೇಜು ಹಾಕಿಕೊಂಡು ಚೀಟಿ ಬರೆದುಕೊಡುವ ಸಾಮಾನ್ಯ ಸದಸ್ಯನ ಮಾತು ಎಷ್ಟು ದೂರ ಸಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ನಮ್ಮ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ರಾಜಕೀಯ ಪಕ್ಷವೆಂಬ ವಸ್ತುವನ್ನು ಅದು ಎಲ್ಲಿಯೂ ಹೆಸರಿಸಿರಲಿಲ್ಲ. 1985ರಲ್ಲಿ ಪಕ್ಷಾಂತರವನ್ನು ನಿಷೇಧಿಸುವ ಹತ್ತನೆಯ ಅನುಸೂಚಿ ಸೇರಿದಾಗಲೇ ಪಕ್ಷಕ್ಕೆ ಅಲ್ಲೊಂದು ಸ್ಥಾನ ದೊರೆತದ್ದು. ಆ ಅನುಸೂಚಿಯಾದರೂ ಹೇಳುವುದು ಶಾಸಕನು ಪಕ್ಷದ ಆಜ್ಞೆಯನ್ನು ಪಾಲಿಸಬೇಕೆಂದು. ಆಜ್ಞಾಪಿಸುವವರನ್ನು ಯಾರು ನಿಯಮಿಸಿದರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂದಿತು ಎಂಬುದನ್ನು ಅದು ವಿಚಾರಿಸುವುದಿಲ್ಲ. ಹೀಗೆ ವಿಚಾರಿಸದೆ ಬಿಟ್ಟ ಜಾಗದಲ್ಲಿ ನನ್ನ ಈ ಉಪನ್ಯಾಸ ನಿಲ್ಲುತ್ತದೆ.

ನಾನು ಬಹುವಾಗಿ ಒಂದೇ ಸಂಸ್ಥೆಯ ಚರಿತ್ರೆಯನ್ನು, ಎಂದರೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಚರಿತ್ರೆಯನ್ನು ಆಧರಿಸಿ ಮಾತನಾಡುತ್ತೇನೆ. ಆ ಪಕ್ಷದ ಮೇಲಿನ ಒಲವೂ ಮುನಿಸೂ ಇದಕ್ಕೆ ಕಾರಣವಲ್ಲ. ಕೆಳಗಿನ ಸದಸ್ಯನಿಗೆ ಮತವನ್ನು ಕೊಟ್ಟುದು, ಆ ಮತವು ಫಲಿಸಿದುದು, ಫಲಿಸಿದ ಮತ ನಿಷ್ಫಲವಾದುದು, ಕೊನೆಗೆ ಮತವೇ ಮರೆತುಹೋದುದು, ಈ ಎಲ್ಲವೂ ಒಂದೇ ಸಂಸ್ಥೆಯ ಬಾಳಿನಲ್ಲಿ ನಡೆದು ಎಲ್ಲರ ಕಣ್ಣಿಗೆ ಬೀಳುವಂತೆ ದಾಖಲಾಗಿರುವುದು ನಮ್ಮ ದೇಶದಲ್ಲಿ ಅಲ್ಲಿ ಮಾತ್ರ.

1885ರ ಡಿಸೆಂಬರಿನಲ್ಲಿ ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆಯಲ್ಲಿ ಕೂಡಿದ 72 ಮಂದಿಯನ್ನು ಯಾರೂ ಚುನಾಯಿಸಿರಲಿಲ್ಲ. ಮುಂದೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ವಕೀಲರ ಸಂಘವೋ ಊರಿನ ಸಾರ್ವಜನಿಕ ಸಭೆಯೋ ಹೆಸರಿಸಿದವರೇ ಪ್ರತಿನಿಧಿಗಳಾಗಿ ಹೋಗಿಬರುತ್ತಿದ್ದರು. 1920ರ ನಾಗಪುರ ಅಧಿವೇಶನದಲ್ಲಿ ಅಂಗೀಕೃತವಾದ ಹೊಸ ನಿಯಮಾವಳಿ ಈ ಸಂಸ್ಥೆಯ ಅಸ್ತಿಭಾರವನ್ನೇ ಬದಲಾಯಿಸಿತು. 21 ವರ್ಷ ತುಂಬಿದ ಯಾವ ಗಂಡಸಾಗಲಿ ಹೆಂಗಸಾಗಲಿ ಪಕ್ಷದ ಧ್ಯೇಯವನ್ನು ಒಪ್ಪಿ ವರ್ಷಕ್ಕೆ ನಾಲ್ಕಾಣೆ ತೆತ್ತರೆ ಸದಸ್ಯತ್ವ ದೊರೆಯತಕ್ಕದ್ದು. ಗ್ರಾಮ, ತಾಲ್ಲೂಕು, ಜಿಲ್ಲೆ, ಪ್ರಾಂತವೆಂದು ಸಮಿತಿಗಳು ಒಂದರ ಮೇಲೊಂದು ಏಳತಕ್ಕದ್ದು. 50,000 ಜನಕ್ಕೆ ಒಬ್ಬನಂತೆ ಪ್ರತಿನಿಧಿಗಳು ಆರಿಸಿಬರತಕ್ಕದ್ದು. ಪ್ರಾಂತಗಳನ್ನು ಭಾಷಾನುಸಾರವಾಗಿ ಏರ್ಪಡಿಸಿದ್ದರಿಂದ, ನಾಲ್ಕಾರು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರಿಗೆ, ಸರ್ಕಾರವು ಕರ್ನಾಟಕವನ್ನು ಕಾಣುವುದಕ್ಕೆ 36 ವರ್ಷ ಮುಂಚೆಯೇ ಕಾಂಗ್ರೆಸ್ಸಿನ ನಕಾಶೆಯಲ್ಲಿ ಒಂದು ಕರ್ನಾಟಕ ಪ್ರಾಂತವು ಕಾಣಿಸಿತು. ದೇಶದ ಶಾಸನಸಭೆಗಳಿಗೆ ಮತ ಕೊಡುವ ಹಕ್ಕು ಭೂಕಂದಾಯ ತೆರುವವರೇ ಮೊದಲಾದ ಕೆಲವರಿಗೆ ಮಾತ್ರ ಇದ್ದ ಆ ದಿನಗಳಲ್ಲಿ ನಾಲ್ಕಾಣೆಯ ಬೆಲೆಗೆ ಒಬ್ಬ ರೈತನು ಮತದಾರನಾದನೆಂಬುದು ಸಾಮಾನ್ಯವಾದ ಘಟನೆಯಲ್ಲ. ವಯಸ್ಕ ಮತದಾನವನ್ನು ನಾವು 1950ರ ಸಂವಿಧಾನದ ವರವೆಂದು ಭಾವಿಸುತ್ತೇವೆ. ಅದರ ಅಭ್ಯಾಸ ನಡೆದದ್ದು ಕಾಂಗ್ರೆಸ್ಸಿನ ತಾಲ್ಲೂಕು ಸಮಿತಿಗಳ ಆ ಕಿರಿಯ ಚುನಾವಣೆಗಳಲ್ಲಿ.

ನಾಲ್ಕು ವರ್ಷಗಳ ತರುವಾಯ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿಯೇ ಸದಸ್ಯತ್ವದ ಅರ್ಥವನ್ನು ಕುರಿತು ಒಂದು ವಿಲಕ್ಷಣವಾದ ಪ್ರಯೋಗವು ಸ್ಥಿರಪಟ್ಟಿತು. ಗಾಂಧೀಜಿ ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ನಾಲ್ಕಾಣೆಗೆ ಬದಲಾಗಿ ತಿಂಗಳಿಗೆ 2000 ಗಜ ಕೈನೂಲನ್ನು, ತಾನೇ ತೆಗೆದದ್ದನ್ನು, ಇಲ್ಲವೆ ಬೇರೆಯವರಿಂದ ತೆಗೆಯಿಸಿದ್ದನ್ನು, ಒಪ್ಪಿಸಿದವನೇ ಸದಸ್ಯನೆಂದು ಅಲ್ಲಿ ನಿಶ್ಚಯವಾಯಿತು. ಕಾಸು ಕೊಟ್ಟವನಿಗಿಂತ ಕೈಯಾಡಿಸಿದವನು ಸದಸ್ಯನೆಂಬ ಈ ಕಲ್ಪನೆ ಬಹುಕಾಲ ನಡೆಯಲಿಲ್ಲ. ಮರುವರ್ಷವೇ ನಾಲ್ಕಾಣೆಯ ಬಾಗಿಲನ್ನು ಮತ್ತೆ ತೆರೆಯಬೇಕಾಯಿತು. ನೂಲಿನ ನಿಯಮವು ಜನರಿಗೆ ಭಾರವಾದುದು ನಿಜ. ಆದರೆ ಅದರ ಹಿಂದಿದ್ದ ಪ್ರಶ್ನೆ, ಎಂದರೆ ನಾಯಕನನ್ನು ಆರಿಸುವ ಅಧಿಕಾರವುಳ್ಳ ಸದಸ್ಯನೆಂದರೆ ಯಾರು, ರಸೀದಿಯಲ್ಲಿ ಹೆಸರಿದ್ದವನೋ ಕೆಲಸದಲ್ಲಿ ಕೈಯಿಟ್ಟವನೋ ಎಂಬ ಪ್ರಶ್ನೆ, ಆಗ ಬಗೆಹರಿಯಲಿಲ್ಲ, ಈಗಲೂ ಬಗೆಹರಿದಿಲ್ಲ.

ಆ ಕಾಲದಲ್ಲಿ ಅಧ್ಯಕ್ಷರ ಆಯ್ಕೆ ನೇರವಾಗಿ ಸದಸ್ಯರದಾಗಿರಲಿಲ್ಲ, ಪ್ರತಿನಿಧಿಗಳದೂ ಆಗಿರಲಿಲ್ಲ. ಪ್ರಾಂತೀಯ ಸಮಿತಿಗಳು ಹೆಸರುಗಳನ್ನು ಸೂಚಿಸುತ್ತಿದ್ದುವು. 1929ರಲ್ಲಿ 10 ಪ್ರಾಂತಗಳು ಗಾಂಧೀಜಿಯವರನ್ನೂ, 5 ಪ್ರಾಂತಗಳು ವಲ್ಲಭಭಾಯಿ ಪಟೇಲರನ್ನೂ, 3 ಪ್ರಾಂತಗಳು ಜವಾಹರಲಾಲ ನೆಹರೂ ಅವರನ್ನೂ ಸೂಚಿಸಿದುವು, ಗಾಂಧೀಜಿ ಒಲ್ಲೆನೆಂದರು, ಲಕ್ನೋದಲ್ಲಿ ಕೂಡಿದ ಅಖಿಲ ಭಾರತ ಸಮಿತಿಯು ಮೂರು ಪ್ರಾಂತಗಳ ಸೂಚನೆ ಪಡೆದಿದ್ದ ಜವಾಹರಲಾಲರನ್ನು ಲಾಹೋರ್ ಅಧಿವೇಶನದ ಅಧ್ಯಕ್ಷರನ್ನಾಗಿ ಆರಿಸಿತು. ಆ ಆಯ್ಕೆಯಿಂದ ದೇಶಕ್ಕೆ ಒಳಿತಾಯಿತೆಂದು ನಂಬುವವರಲ್ಲಿ ನಾನೂ ಒಬ್ಬ. ಆದರೂ ಒಳಿತಾದ ಮಾತ್ರಕ್ಕೆ ಅದು ಸದಸ್ಯರ ಆಯ್ಕೆಯಾಗಲಿಲ್ಲ. 1934ರ ಮುಂಬಯಿ ಅಧಿವೇಶನದಲ್ಲಿ ಗಾಂಧೀಜಿಯವರ ಸೂಚನೆಯ ಮೇರೆಗೇ ನಿಯಮಾವಳಿಯನ್ನು ತಿದ್ದಿದರು. ಪ್ರಾಥಮಿಕ ಸದಸ್ಯರು ಪ್ರತಿನಿಧಿಗಳನ್ನು ಆರಿಸುವುದು, ಆ ಪ್ರತಿನಿಧಿಗಳು ತಮ್ಮ ತಮ್ಮ ಪ್ರಾಂತಗಳಲ್ಲಿ ಚೀಟಿ ಹಾಕಿ ಅಧ್ಯಕ್ಷರನ್ನು ಆರಿಸುವುದು ಎಂಬ ಕ್ರಮವು ಗಟ್ಟಿಯಾಯಿತು. ಅದೇ ಅಧಿವೇಶನದಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಸದಸ್ಯತ್ವವನ್ನು ಬಿಟ್ಟುಕೊಟ್ಟು ಹೊರಬಂದರು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ. ಏಕೆಂದರೆ ಐದು ವರ್ಷಗಳ ಬಳಿಕ ನಡೆದ ಪ್ರಕರಣದ ತಿರುಳೆಲ್ಲ ಇವುಗಳಲ್ಲಿ ಅಡಗಿದೆ.

1939ರ ಜನವರಿ 29ರಂದು ನಡೆದ ಅಧ್ಯಕ್ಷ ಚುನಾವಣೆಯ ಕಥೆ ನಿಮಗೆಲ್ಲ ಗೊತ್ತಿರುವುದಷ್ಟೆ. ಹಿಂದಿನ ವರ್ಷ ಹರಿಪುರದಲ್ಲಿ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಮರಳಿ ಸ್ಪರ್ಧಿಸುವೆನೆಂದು ನಿಂತರು. ಕಾರ್ಯಸಮಿತಿಯ ಹಿರಿಯರು ಡಾಕ್ಟರ್ ಪಟ್ಟಾಭಿ ಸೀತಾರಾಮಯ್ಯನವರನ್ನು ಮುಂದೆ ಮಾಡಿದರು. ಅಲ್ಲಿಯವರೆಗೆ ಅಧ್ಯಕ್ಷರ ಆಯ್ಕೆಯೆಂದರೆ ಹಿರಿಯರು ಮೊದಲೇ ತೀರ್ಮಾನಿಸಿದ ಹೆಸರಿಗೆ ಎಲ್ಲರೂ ತಲೆದೂಗುವ ಉಪಚಾರವಾಗಿದ್ದುದು, ಆ ದಿನ ನಿಜವಾದ ಚುನಾವಣೆಯಾಯಿತು. ಸುಭಾಷರಿಗೆ 1580 ಮತ, ಪಟ್ಟಾಭಿಯವರಿಗೆ 1377. ಬಂಗಾಳ ಪಂಜಾಬುಗಳು ಸುಭಾಷರ ಕಡೆಗೆ, ಗುಜರಾತು ಆಂಧ್ರಗಳು ಪಟ್ಟಾಭಿಯವರ ಕಡೆಗೆ ವಾಲಿದುವು. ಕರ್ನಾಟಕ ಪ್ರಾಂತದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಸುಭಾಷರಿಗೆ ಮತವಿತ್ತರು. ಆಗ ಪಕ್ಷದ ಪ್ರಾಥಮಿಕ ಸದಸ್ಯರು ಸುಮಾರು 45 ಲಕ್ಷ. ಮತ ಹಾಕಿದ ಪ್ರತಿನಿಧಿಗಳು ಸುಮಾರು 3000. ಸರಾಸರಿ ನೋಡಿದರೆ ಒಬ್ಬೊಬ್ಬ ಪ್ರತಿನಿಧಿಯ ಚೀಟಿಯ ಹಿಂದೆ 1500 ಮಂದಿ ನಾಲ್ಕಾಣೆಯ ಸದಸ್ಯರು ನಿಂತಿದ್ದರು.

ಫಲಿತಾಂಶ ಹೊರಬಿದ್ದ ಎರಡು ದಿನಗಳಲ್ಲಿ ಗಾಂಧೀಜಿ ಒಂದು ಹೇಳಿಕೆಯನ್ನಿತ್ತು, ಈ ಸೋಲು ಪಟ್ಟಾಭಿಯವರದಕ್ಕಿಂತ ತಮ್ಮದೇ ಹೆಚ್ಚೆಂದು ಹೇಳಿದುದು ಎಲ್ಲರಿಗೂ ನೆನಪಿದೆ. ಅದೇ ಹೇಳಿಕೆಯಲ್ಲಿ ಅವರು ಎತ್ತಿದ ಇನ್ನೊಂದು ಮಾತು ಅಷ್ಟು ನೆನಪಿನಲ್ಲಿ ಉಳಿದಿಲ್ಲ: ಕಾಂಗ್ರೆಸ್ಸಿನ ಸದಸ್ಯರ ದಫ್ತರಗಳಲ್ಲಿ ಹುಸಿ ಹೆಸರುಗಳು ಬಹುಸಂಖ್ಯೆಯಲ್ಲಿ ಸೇರಿಹೋಗಿವೆಯೆಂಬುದು. ಸೋತ ಪಕ್ಷದವರ ಕಹಿಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಪ್ರಾಂತಗಳಲ್ಲಿ ಮಂತ್ರಿಮಂಡಲಗಳು ರಚಿತವಾಗಿ ಪಕ್ಷದ ಸದಸ್ಯತ್ವಕ್ಕೆ ಲೌಕಿಕವಾದ ಬೆಲೆ ಬಂದೊಡನೆ, ಮೂರೇ ವರ್ಷಗಳಲ್ಲಿ ಸದಸ್ಯರು ಹಲವು ಮಡಿ ಹೆಚ್ಚಿದ್ದರೆಂಬುದನ್ನು ಗಮನಿಸಿದರೆ ಆ ಮಾತು ನಿರಾಧಾರವೆನಿಸುವುದಿಲ್ಲ.

ಮುಂದೆ ನಡೆದುದು ವ್ಯಥೆಯ ಅಧ್ಯಾಯ. ಫೆಬ್ರವರಿ 22ರಂದು ಕಾರ್ಯಸಮಿತಿಯ 12 ಮಂದಿ ರಾಜೀನಾಮೆ ಕೊಟ್ಟರು. ಮಾರ್ಚಿನಲ್ಲಿ ಜಬಲಪುರದ ಬಳಿಯ ತ್ರಿಪುರಿಯಲ್ಲಿ ಅಧಿವೇಶನ ಸೇರಿದಾಗ, 52ನೆಯ ಅಧಿವೇಶನವೆಂದು 52 ಆನೆಗಳ ಮೆರವಣಿಗೆ ನಡೆಯಿತು. ಅದರಲ್ಲಿ ಅಧ್ಯಕ್ಷರ ಭಾವಚಿತ್ರ ಮಾತ್ರ ಸಾಗಿತು, ಅಧ್ಯಕ್ಷರು ಜ್ವರದಿಂದ ಬೆಂದು ಮಲಗಿದ್ದರು. ಗಾಂಧೀಜಿ ರಾಜಕೋಟೆಯಲ್ಲಿದ್ದರು. ಹೀಗೆ ಇಬ್ಬರು ಮುಖ್ಯರೂ ಒಬ್ಬರ ಮುಖ ಒಬ್ಬರು ನೋಡದಿದ್ದ ಆ ಸಭೆಯಲ್ಲಿ ಗೋವಿಂದವಲ್ಲಭ ಪಂತರು ಮಂಡಿಸಿದ ನಿರ್ಣಯವು, ಅಧ್ಯಕ್ಷರು ತಮ್ಮ ಕಾರ್ಯಸಮಿತಿಯನ್ನು ಗಾಂಧೀಜಿಯವರ ಇಚ್ಛಾನುಸಾರವಾಗಿ ರಚಿಸಬೇಕೆಂದು ಕೇಳಿಕೊಂಡು, ಅಂಗೀಕೃತವಾಯಿತು. ಜನವರಿಯಲ್ಲಿ ಸುಭಾಷರನ್ನು ಆರಿಸಿದ ಪ್ರತಿನಿಧಿಗಳೇ ಮಾರ್ಚಿನಲ್ಲಿ ಅವರ ಕೈಗಳನ್ನು ಕಟ್ಟಿದರು. ನಾಲ್ಕಾಣೆಯ ಸದಸ್ಯರೂ ಅಲ್ಲದ ಮಹಾಪುರುಷರೊಬ್ಬರ ಇಚ್ಛೆಯು 1580 ಚೀಟಿಗಳಿಗಿಂತ ಭಾರವಾಯಿತು. ಏಪ್ರಿಲ್ 29ರಂದು ಕಲ್ಕತ್ತೆಯಲ್ಲಿ ಸುಭಾಷರು ರಾಜೀನಾಮೆಯಿತ್ತರು. ರಾಜೇಂದ್ರ ಪ್ರಸಾದರು ಅವರ ಸ್ಥಾನಕ್ಕೆ ಬಂದರು.

ಯಾರು ಸರಿ, ಯಾರು ತಪ್ಪು ಎಂಬ ತೀರ್ಪನ್ನು ನಾನು ಇಲ್ಲಿ ಕೊಡಲಾರೆ. ನಂಬಿಕೆಯಿಲ್ಲದವರೊಡನೆ ಕೂಡಿ ಕೆಲಸ ಮಾಡಲಾರೆವೆಂದು ಹಿರಿಯರು ದೂರ ಸರಿದುದು ಅವರ ಹಕ್ಕು. ತಮಗೆ ಬೇಕಾದ ಸಮಿತಿಯನ್ನು ಕಟ್ಟಿಕೊಳ್ಳುವಂತೆ ಗಾಂಧೀಜಿಯವರೇ ಸುಭಾಷರಿಗೆ ಹೇಳಿದ್ದರೆಂಬುದೂ ಸತ್ಯ. ನನ್ನ ಕಣ್ಣಿರುವುದು ಆ 45 ಲಕ್ಷದ ಮೇಲೆ. ಅವರನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ಆಯ್ಕೆಯೆಂಬುದು ಚೀಟಿ ಎಣಿಸಿದ ಕ್ಷಣಕ್ಕೆ ಮುಗಿಯತಕ್ಕ ಕಾರ್ಯವಲ್ಲ. ಆರಿಸಿದವರಿಗೆ ತಾವು ಆರಿಸಿದವನನ್ನು ಉಳಿಸಿಕೊಳ್ಳುವ, ಬೇಡವಾದರೆ ತಾವೇ ಇಳಿಸುವ ಅಧಿಕಾರವಿಲ್ಲದೆ ಹೋದರೆ, ಆರಿಸುವ ಅಧಿಕಾರವು ಪೂಜೆ ಮುಗಿಯುವವರೆಗೆ ಮಾತ್ರ ಇರುವ ಕಲಶದಂತಾಗುತ್ತದೆ.

ಇದೇ ಪಾಠ ಸ್ವಾತಂತ್ರ್ಯಾನಂತರವೂ ಒಮ್ಮೆ ನಡೆಯಿತು. ಅದನ್ನು ಬೇಗನೆ ಹೇಳಿ ಮುಗಿಸುತ್ತೇನೆ. 1950ರಲ್ಲಿ ಪುರುಷೋತ್ತಮದಾಸ ಟಂಡನ್‌ರು 1306 ಮತಗಳಿಂದ, ಆಚಾರ್ಯ ಕೃಪಲಾನಿಯವರ 1092 ಮತಗಳನ್ನು ಮೀರಿ, ಅಧ್ಯಕ್ಷರಾದರು. ಪ್ರಧಾನಮಂತ್ರಿ ನೆಹರೂ ಅವರಿಗೆ ಈ ಆಯ್ಕೆ ಸಮ್ಮತವಾಗಿರಲಿಲ್ಲ. ಮರುವರ್ಷ ಅವರು ಕಾರ್ಯಸಮಿತಿಯಿಂದ ಹೊರಬಂದರು. ಟಂಡನ್‌ರು ಸೆಪ್ಟೆಂಬರಿನಲ್ಲಿ ರಾಜೀನಾಮೆಯಿತ್ತರು. ನೆಹರೂ ಅವರೇ ಅಧ್ಯಕ್ಷರಾದರು. ಟಂಡನ್‌ರ ವಿಚಾರಗಳಲ್ಲಿ ಹಲವನ್ನು ನಾನು ಒಪ್ಪುವವನಲ್ಲ. ಆದರೂ ಪ್ರತಿನಿಧಿಗಳ ಚೀಟಿಯಿಂದ ಬಂದ ಅಧ್ಯಕ್ಷನು ಹದಿಮೂರು ವರ್ಷಗಳೊಳಗೆ ಎರಡನೆಯ ಸಲ, ಬೇರೆ ಚೀಟಿಯಿಲ್ಲದೆ ಇಳಿದುಹೋದನೆಂಬುದನ್ನು ಗುರುತಿಸದೆ ಇರಲಾರೆ.

ನಮ್ಮ ನಾಡಿಗೆ ಇನ್ನೂ ಹತ್ತಿರದ ಪ್ರಕರಣವೆಂದರೆ 1969ರದು. ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರು ಹಿಂದಿನ ವರ್ಷ ಅಖಿಲ ಭಾರತ ಅಧ್ಯಕ್ಷರಾಗಿದ್ದರು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದ ಅಖಿಲ ಭಾರತ ಸಮಿತಿಯ ಸಭೆಯಿಂದ ಮೊದಲಾದ ಬಿರುಕು, ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕುವುದರಲ್ಲಿ ಪರ್ಯವಸಾನವಾಯಿತು. ನಾವೇ ಕಾಂಗ್ರೆಸ್ಸೆಂದು ಎರಡು ಬಣಗಳೂ ವಾದಿಸಿದುವು. ಜೋಡೆತ್ತಿನ ಗುರುತು ಯಾರಿಗೆ ಸಲ್ಲತಕ್ಕದ್ದೆಂಬ ವ್ಯಾಜ್ಯವು ಚುನಾವಣಾ ಆಯೋಗಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 1971ರ ನವೆಂಬರಿನಲ್ಲಿ ನ್ಯಾಯಾಲಯವಿತ್ತ ತೀರ್ಪಿನಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಬೋಧಕವಾದ ಭಾಗವೊಂದುಂಟು. ಪಕ್ಷದ ಬಹುಮತವನ್ನು ಅಳೆಯಬೇಕಾದರೆ ಪ್ರಾಥಮಿಕ ಸದಸ್ಯರನ್ನೇ ಎಣಿಸಬೇಡವೆ ಎಂಬ ಪ್ರಶ್ನೆಗೆ, ಅಷ್ಟು ಮಂದಿಯ ಇಚ್ಛೆಯನ್ನು ತಿಳಿಯುವುದು ವ್ಯವಹಾರದಲ್ಲಿ ಸಾಧ್ಯವಲ್ಲವೆಂದೂ, ಅಖಿಲ ಭಾರತ ಸಮಿತಿಯ ಸದಸ್ಯರ ಮತ್ತು ಪ್ರತಿನಿಧಿಗಳ ಸಂಖ್ಯೆಯೇ ಅವರ ಅಭಿಪ್ರಾಯವನ್ನು ಸ್ಥೂಲವಾಗಿ ಬಿಂಬಿಸುವುದೆಂದು ಭಾವಿಸಬಹುದೆಂದೂ ನ್ಯಾಯಾಲಯವು ಹೇಳಿತು. ಆ ಭಾವನೆಗೆ ಆಧಾರ, ಕೆಳಗಿನಿಂದ ಮೇಲಕ್ಕೆ ಚುನಾವಣೆಗಳು ನಡೆಯುತ್ತಿವೆಯೆಂಬ ನಂಬಿಕೆ. ಆ ನಂಬಿಕೆ ಕೆಟ್ಟಮೇಲೆ ಏನಾಗುವುದೆಂಬುದನ್ನು ನಾವು 2023ರ ಫೆಬ್ರವರಿಯಲ್ಲಿ ನೋಡಿದೆವು. ಶಿವಸೇನೆಯ ಎರಡು ಬಣಗಳ ವ್ಯಾಜ್ಯದಲ್ಲಿ ಚುನಾವಣಾ ಆಯೋಗವು, ಪಕ್ಷದ ನಿಯಮಾವಳಿ ಪ್ರಜಾಸತ್ತಾತ್ಮಕವಾಗಿಲ್ಲವೆಂದೂ ಸಂಘಟನೆಯೊಳಗಣ ಬಹುಮತವನ್ನು ನಿರ್ಧರಿಸಲಾಗದೆಂದೂ ಹೇಳಿ, ಶಾಸಕರ ತಲೆಯೆಣಿಕೆಯ ಮೇಲೆಯೇ ಹೆಸರನ್ನೂ ಗುರುತನ್ನೂ ಕೊಟ್ಟಿತು. ಎಣಿಸಲಾಗದ ಸದಸ್ಯನು ನ್ಯಾಯಪೀಠದ ಮುಂದೆ ಇಲ್ಲದವನಿಗೆ ಸಮಾನನಾದನು.

1972ರ ತರುವಾಯ ಕಾಂಗ್ರೆಸ್ಸಿನಲ್ಲಿ ಇಪ್ಪತ್ತು ವರ್ಷಗಳ ಪರ್ಯಂತ ಸಂಘಟನೆಯ ಚುನಾವಣೆಗಳೇ ನಡೆಯಲಿಲ್ಲ. ಒಂದು ತಲೆಮಾರಿನ ಕಾರ್ಯಕರ್ತರು ತಮ್ಮ ತಾಲ್ಲೂಕು ಅಧ್ಯಕ್ಷನನ್ನು ಆರಿಸುವುದು ಹೇಗೆಂಬುದನ್ನೇ ಕಾಣದೆ ಮುಪ್ಪಾದರು. ‘ಹೈಕಮಾಂಡ್’ ಎಂಬ ಸೇನಾಪರಿಭಾಷೆಯ ಶಬ್ದವು ಕನ್ನಡದ ಮನೆಮಾತಾಯಿತು. ‘ಒಂದು ಸಾಲಿನ ನಿರ್ಣಯ’ವೆಂಬ ಪದ್ಧತಿ ಬೆಳೆಯಿತು. ಶಾಸಕರೂ ಪ್ರದೇಶ ಸಮಿತಿಗಳೂ ಸಭೆ ಸೇರಿ, ನಮ್ಮ ನಾಯಕನನ್ನು ದೆಹಲಿಯ ಅಧ್ಯಕ್ಷರೇ ನಿರ್ಧರಿಸಲೆಂದು ಒಂದೇ ವಾಕ್ಯದಲ್ಲಿ ಬರೆದು, ತಮ್ಮ ಹಕ್ಕನ್ನು ತಾವೇ ಲಕೋಟೆಯಲ್ಲಿ ಹಾಕಿ ಕಳುಹಿಸುವ ಈ ಪದ್ಧತಿಯನ್ನು ಕಂಡಾಗಲೆಲ್ಲ ನನಗೆ ವಿಷಾದವಾಗುತ್ತದೆ. ಅಧಿಕಾರವನ್ನು ಕಸಿದುಕೊಂಡವರಿಗಿಂತ ಕೊಟ್ಟುಬಿಟ್ಟವರನ್ನು ನೆನೆದು ಹೆಚ್ಚಾಗಿ. 1992ರಲ್ಲಿ ತಿರುಪತಿಯ ಮಹಾಧಿವೇಶನದಲ್ಲಿ ಪಿ.ವಿ. ನರಸಿಂಹರಾಯರು ಕಾರ್ಯಸಮಿತಿಗೆ ಚುನಾವಣೆ ನಡೆಸಿದರು. ಆರಿಸಿಬಂದವರಲ್ಲಿ ದಲಿತರೂ ಮಹಿಳೆಯರೂ ಇಲ್ಲವೆಂಬ ಕಾರಣದಿಂದ ಗೆದ್ದವರಿಂದ ರಾಜೀನಾಮೆ ಪಡೆದು ಸಮಿತಿಯನ್ನು ಪುನಃ ರಚಿಸಿದರು. ಕಾರಣವು ನ್ಯಾಯವಾದುದೇ. ಆದರೆ ಆ ಕೊರತೆಯನ್ನು ಮೀಸಲು ಸ್ಥಾನಗಳನ್ನಿಟ್ಟು ಚುನಾವಣೆಯಿಂದಲೇ ತುಂಬಬಹುದಾಗಿದ್ದ ದಾರಿ ತೆರೆದಿತ್ತು. 1997ರಲ್ಲಿ ಸೀತಾರಾಮ ಕೇಸರಿಯವರು 6224 ಮತಗಳಿಂದ ಶರದ್ ಪವಾರರನ್ನೂ ರಾಜೇಶ್ ಪೈಲಟರನ್ನೂ ಸೋಲಿಸಿದರು. ಮರುವರ್ಷ ಕಾರ್ಯಸಮಿತಿ ಅವರನ್ನು ಇಳಿಸಿತು. 2000ದಲ್ಲಿ ಸೋನಿಯಾ ಗಾಂಧಿಯವರಿಗೆ 7448, ಜಿತೇಂದ್ರ ಪ್ರಸಾದರಿಗೆ 94. ಉಳಿದ ಪಕ್ಷಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಭಾರತೀಯ ಜನತಾ ಪಕ್ಷದ ನಿಯಮಾವಳಿಯಲ್ಲಿ ಮತದಾರ ಮಂಡಲಿಯೊಂದುಂಟು, ಆದರೆ ಅಧ್ಯಕ್ಷರು ಅವಿರೋಧವಾಗಿಯೇ ಬರುವುದು ರೂಢಿ. ಪ್ರಾದೇಶಿಕ ಪಕ್ಷಗಳಲ್ಲಿ ಹೆಚ್ಚಿನವು ಮನೆತನದ ಆಸ್ತಿಯಂತೆ ತಂದೆಯಿಂದ ಮಗನಿಗೆ ಇಳಿಯುತ್ತಿವೆ.

ಇಲ್ಲಿ ನನ್ನ ಸ್ವಂತದ ಒಂದು ಅನುಭವವನ್ನು ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ನಾನು ಹೊಸದಾಗಿ ಅಧ್ಯಾಪಕನಾಗಿದ್ದ ದಿನಗಳಲ್ಲಿ, ಒಂದು ಸಣ್ಣ ಪೇಟೆಯಲ್ಲಿ, ಒಂದು ಪಕ್ಷದ, ಅದರ ಹೆಸರನ್ನು ಹೇಳಲಾರೆ, ಸದಸ್ಯತ್ವ ಅಭಿಯಾನದ ಲೆಕ್ಕ ಸರಿನೋಡಲು ಅಕ್ಷರಬಲ್ಲ ಹೊರಗಿನವನೊಬ್ಬ ಬೇಕೆಂದು ನನ್ನನ್ನು ಕರೆದಿದ್ದರು. ಎರಡು ರಾತ್ರಿ ಕುಳಿತು ರಸೀದಿ ಪುಸ್ತಕಗಳನ್ನು ತಿರುವಿದೆ. ನೂರಾರು ಹೆಸರುಗಳು ಒಂದೇ ಕೈಬರಹದಲ್ಲಿ, ಒಂದೇ ಮಸಿಯಲ್ಲಿ, ಮತದಾರರ ಪಟ್ಟಿಯ ಅನುಕ್ರಮದಲ್ಲಿಯೇ ಇದ್ದುವು. ಅವುಗಳಲ್ಲಿ ಒಂದು, ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ ನನ್ನ ಪಕ್ಕದ ಮನೆಯ ಅಜ್ಜಿಯದು. ಚಂದಾಹಣವನ್ನು ಒಟ್ಟಾಗಿ ಕಟ್ಟಿದವರು ಒಬ್ಬರೇ ಧನಿಕರು. ಸಮಿತಿಯೂ ಅವರದೇ ಆಯಿತು. ನಾನು ಬರೆದುಕೊಟ್ಟ ಟಿಪ್ಪಣಿಯನ್ನು ಯಾರೂ ಓದಲಿಲ್ಲ. ಅಂದಿನಿಂದ ನನಗೊಂದು ನಿಶ್ಚಯ ಬಂದಿದೆ. ನಾಯಕನ ಆಯ್ಕೆಯಲ್ಲಿ ಕೆಳಗಿನ ಸದಸ್ಯನ ಪ್ರಭಾವವೆಂಬುದು ಅಖಿಲ ಭಾರತ ಅಧಿವೇಶನದ ಮಂಟಪದಲ್ಲಿ ಉಳಿಯುವುದೂ ಅಲ್ಲ, ಅಳಿಯುವುದೂ ಅಲ್ಲ. ಅದರ ಅಳಿವು ಉಳಿವುಗಳೆಲ್ಲ ಆ ರಸೀದಿ ಪುಸ್ತಕದಲ್ಲಿಯೇ ತೀರ್ಮಾನವಾಗುತ್ತವೆ.

ಆದ್ದರಿಂದಲೇ 2022ರ ಅಕ್ಟೋಬರಿನ ಚುನಾವಣೆಯನ್ನು ನಾನು ಸಂತೋಷದಿಂದಲೂ ಕಳವಳದಿಂದಲೂ ನೋಡಿದೆನು. 1969ರಲ್ಲಿ ಗುಲಬರ್ಗಾ ನಗರ ಸಮಿತಿಯ ಅಧ್ಯಕ್ಷರಾಗಿ ಪಕ್ಷದ ಕೆಲಸವನ್ನಾರಂಭಿಸಿದ ಮಲ್ಲಿಕಾರ್ಜುನ ಖರ್ಗೆಯವರು 7897 ಮತಗಳನ್ನು ಪಡೆದು, ಶಶಿ ತರೂರರ 1072 ಮತಗಳೆದುರು ಗೆದ್ದರು. 416 ಮತಗಳು ಅಸಿಂಧುವಾದುವು. ಪಾದಯಾತ್ರೆಯಲ್ಲಿದ್ದ ರಾಹುಲ್ ಗಾಂಧಿಯವರು ಚೀಟಿ ಹಾಕಿದ್ದು ನಮ್ಮ ಬಳ್ಳಾರಿಯ ಸಂಗನಕಲ್ಲಿನ ಬಿಡಾರದಲ್ಲಿ, ಉಳಿದ ಪಾದಯಾತ್ರಿಗಳೊಡನೆ ಸರದಿಯಲ್ಲಿ ನಿಂತು. ಇಪ್ಪತ್ತನಾಲ್ಕು ವರ್ಷಗಳ ಬಳಿಕ ಗಾಂಧಿ ಮನೆತನದ ಹೊರಗಿನವರೊಬ್ಬರು, ಅದರಲ್ಲಿಯೂ ಬಡ ದಲಿತ ಕುಟುಂಬದಲ್ಲಿ ಹುಟ್ಟಿದ ಕನ್ನಡಿಗರೊಬ್ಬರು, ಮತದಾನದ ಮೂಲಕ ಆ ಪೀಠಕ್ಕೆ ಬಂದುದು ಹೆಮ್ಮೆಯ ವಿಷಯವೇ ಸರಿ. ಆದರೆ ಮತ ಹಾಕಿದ ಆ ಒಂಬತ್ತು ಸಾವಿರ ಚಿಲ್ಲರೆ ಪ್ರತಿನಿಧಿಗಳು ಯಾರು, ಅವರನ್ನು ಯಾರು ಆರಿಸಿದರು? ಮತದಾರರ ಪಟ್ಟಿಯನ್ನು ಪ್ರಕಟಿಸಬೇಕೆಂದು ಪಕ್ಷದ ಐವರು ಲೋಕಸಭಾ ಸದಸ್ಯರೇ ಪತ್ರ ಬರೆದಾಗ, ಅದನ್ನು ಪ್ರದೇಶ ಸಮಿತಿಗಳ ಕಛೇರಿಯಲ್ಲಿ ನೋಡಬಹುದು, ಸ್ಪರ್ಧಿಗಳಿಗೆ ಕೊಡಲಾಗುವುದು ಎಂಬ ಉತ್ತರ ಬಂದಿತೇ ಹೊರತು ಪಟ್ಟಿಯು ಸಾರ್ವಜನಿಕವಾಗಿ ಪ್ರಕಟವಾಗಲಿಲ್ಲ. ಊರಿನ ಪಂಚಾಯತಿ ಚುನಾವಣೆಯ ಮತದಾರರ ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸುವ ದೇಶದಲ್ಲಿ, ದೇಶವನ್ನಾಳಬಯಸುವ ಪಕ್ಷದ ಅಧ್ಯಕ್ಷ ಚುನಾವಣೆಯ ಪಟ್ಟಿ ಬೀರುವಿನೊಳಗಿರುವುದು ಯೋಗ್ಯವಲ್ಲ.

ಸಾಮಾನ್ಯ ಸದಸ್ಯರಿಗೆ ನೇರವಾದ ಮತವನ್ನೇ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಹೇಳುವ ಮಿತ್ರರಿದ್ದಾರೆ. ಅವರು ಬ್ರಿಟನ್ನಿನ ಕಡೆಗೆ ಬೆರಳು ತೋರುತ್ತಾರೆ. ಅಲ್ಲಿನ ಅನುಭವ ಅಷ್ಟು ಸರಳವಾಗಿಲ್ಲ. ಲೇಬರ್ ಪಕ್ಷವು 2015ರಲ್ಲಿ ಒಬ್ಬ ಸದಸ್ಯನಿಗೆ ಒಂದು ಮತವೆಂಬ ತತ್ತ್ವವನ್ನು ಪೂರ್ಣವಾಗಿ ಆಚರಿಸಿ, 3 ಪೌಂಡು ಕೊಟ್ಟ ಬೆಂಬಲಿಗರಿಗೂ ಮತವಿತ್ತಿತು. ಜೆರಮಿ ಕಾರ್ಬಿನ್‌ರು ನೂರಕ್ಕೆ 59ಕ್ಕಿಂತ ಹೆಚ್ಚು ಮತ ಪಡೆದು ನಾಯಕರಾದರು. ಮರುವರ್ಷ ಅವರ ಪಕ್ಷದ ಸಂಸತ್ಸದಸ್ಯರು 172ಕ್ಕೆ 40ರಂತೆ ಅವಿಶ್ವಾಸ ಸೂಚಿಸಿದರು. ತ್ರಿಪುರಿಯ ವಿಷಮಗಳಿಗೆಯೇ ಅದು: ಆರಿಸಿದವರು ಒಂದು ಕಡೆ, ಜೊತೆಗೆ ಕೆಲಸ ಮಾಡಬೇಕಾದವರು ಇನ್ನೊಂದು ಕಡೆ. ವ್ಯತ್ಯಾಸವಿಷ್ಟೆ, ಅಲ್ಲಿ ವ್ಯಾಜ್ಯವನ್ನು ಮರಳಿ ಸದಸ್ಯರ ಮುಂದಿಟ್ಟರು; ಸದಸ್ಯರು ಮೊದಲಿಗಿಂತ ಹೆಚ್ಚಿನ ಬಹುಮತದಿಂದ ಅವರನ್ನೇ ಆರಿಸಿದರು. ಕನ್ಸರ್ವೇಟಿವ್ ಪಕ್ಷದಲ್ಲಿ 2022ರಲ್ಲಿ ಸಂಸತ್ಸದಸ್ಯರ ಕೊನೆಯ ಸುತ್ತಿನಲ್ಲಿ ಋಷಿ ಸುನಕ್‌ರಿಗೆ 137, ಲಿಜ್ ಟ್ರಸ್‌ರಿಗೆ 113. ಸದಸ್ಯರಾದರೋ ಟ್ರಸ್‌ರಿಗೆ 81,326, ಸುನಕ್‌ರಿಗೆ 60,399 ಮತವಿತ್ತರು. ಟ್ರಸ್‌ರ ಅಧಿಕಾರ 49 ದಿನಕ್ಕೆ ಮುಗಿಯಿತು. ಸದಸ್ಯರು ಅವಿವೇಕಿಗಳೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ತರುವವರನ್ನು ನಾನು ಒಪ್ಪುವುದಿಲ್ಲ; ಹಿರಿಯರ ಮುಚ್ಚಿದ ಕೊಠಡಿಗಳಲ್ಲಿ ಆಯ್ಕೆಯಾದ ಅಯೋಗ್ಯರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲವೆಂಬ ಒಂದೇ ಕಾರಣದಿಂದ ಆ ಪದ್ಧತಿ ನಿರ್ದೋಷವಾಗುವುದಿಲ್ಲ. ಆದರೆ ವರ್ಷವಿಡೀ ಪಕ್ಷದೊಡನೆ ಬೇರೆ ಸಂಬಂಧವಿಲ್ಲದ ಸದಸ್ಯನಿಗೆ, ಅಂಚೆಯಲ್ಲಿ ಬಂದ ಚೀಟಿಯಲ್ಲಿ ಗುರುತು ಹಾಕುವುದೊಂದೇ ಕೆಲಸವಾದರೆ, ಅವನು ಆರಿಸುವುದು ವರ್ತಮಾನಪತ್ರಿಕೆಯಲ್ಲಿ ಕಂಡ ಮುಖವನ್ನು. ನೆರೆಯವನಾದ ಪ್ರತಿನಿಧಿಯನ್ನು ಆರಿಸುವವನು ತಾನು ಬಲ್ಲವನನ್ನು ಆರಿಸುತ್ತಾನೆ. ಮೆಟ್ಟಿಲುಗಳನ್ನು ಕಿತ್ತುಹಾಕುವುದಕ್ಕಿಂತ ಅವುಗಳನ್ನು ಭದ್ರಪಡಿಸುವುದು ನಮ್ಮ ದೇಶದ ವಿಸ್ತಾರಕ್ಕೆ ಹೊಂದುವುದೆಂದು ನನ್ನ ಅಭಿಪ್ರಾಯ.

ಕಾನೂನು ಏನು ಮಾಡಬಲ್ಲದು? ಜರ್ಮನಿಯ ಮೂಲಶಾಸನದ 21ನೆಯ ವಿಧಿಯು ಪಕ್ಷಗಳ ಒಳರಚನೆ ಪ್ರಜಾಪ್ರಭುತ್ವದ ತತ್ತ್ವಗಳಿಗೆ ಅನುಗುಣವಾಗಿರಬೇಕೆಂದು ಕಟ್ಟಳೆ ಮಾಡಿದೆ. ನಮ್ಮಲ್ಲಿ ಪ್ರಜಾಪ್ರಾತಿನಿಧ್ಯ ಅಧಿನಿಯಮದ 29ಎ ಪ್ರಕರಣದಂತೆ ಪಕ್ಷವು ನೋಂದಣಿಯ ವೇಳೆ ಸಂವಿಧಾನಕ್ಕೂ ಪ್ರಜಾಪ್ರಭುತ್ವಕ್ಕೂ ನಿಷ್ಠೆಯನ್ನು ಘೋಷಿಸಿದರೆ ಸಾಕು. ಆ ಘೋಷಣೆಗೆ ತಪ್ಪಿ ನಡೆದ ಪಕ್ಷದ ನೋಂದಣಿಯನ್ನು ರದ್ದುಗೊಳಿಸುವ ಅಧಿಕಾರ ಸಾಮಾನ್ಯವಾಗಿ ಆಯೋಗಕ್ಕಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಕಾನೂನು ಆಯೋಗದ 1999ರ 170ನೆಯ ವರದಿಯು ಪಕ್ಷಗಳ ಒಳಗಣ ಪ್ರಜಾಪ್ರಭುತ್ವಕ್ಕೆ ಶಾಸನವನ್ನು ಸೂಚಿಸಿತು. ಸೂಚನೆ ಸೂಚನೆಯಾಗಿಯೇ ಉಳಿದಿದೆ. ಅಧ್ಯಕ್ಷನನ್ನು ಯಾರು ಆರಿಸಬೇಕೆಂದು ಸರ್ಕಾರವು ಪಕ್ಷಗಳಿಗೆ ಅಪ್ಪಣೆ ಮಾಡುವುದು ನನಗೆ ಬೇಡ. ಆಳುವವರ ಕೈಗೆ ಎದುರು ಪಕ್ಷದ ಲಗಾಮನ್ನು ಕೊಟ್ಟಂತಾದೀತು. ಸದಸ್ಯರ ಪಟ್ಟಿಯನ್ನು ವರ್ಷಕ್ಕೊಮ್ಮೆ ತಾಲ್ಲೂಕಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗಳನ್ನು ಕೇಳಬೇಕು, ಪಕ್ಷದ ನಿಯಮಾವಳಿ ಹೇಳಿದ ಅವಧಿಗೆ ಸರಿಯಾಗಿ ಕೆಳಗಿನಿಂದ ಚುನಾವಣೆ ನಡೆಸಬೇಕು ಎಂದಿಷ್ಟನ್ನು ವಿಧಿಸಿದರೆ ಸಾಕು. ಉಳಿದುದನ್ನು ಸದಸ್ಯರು ನೋಡಿಕೊಳ್ಳಬಲ್ಲರು. ಹಾಗೆ ನೋಡಿಕೊಂಡವರು ನಮ್ಮಲ್ಲಿದ್ದರು.

ಸುಮಾರು ಐವತ್ತು ವರ್ಷಗಳ ಹಿಂದೆ ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ, ಚಳವಳಿಯಲ್ಲಿ ಸೆರೆಮನೆ ಕಂಡು ಬಂದಿದ್ದ ಒಬ್ಬ ವೃದ್ಧ ರೈತರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆ. ಅವರು ಗಂಧದೆಣ್ಣೆಯ ಹಳೆಯ ಡಬ್ಬಿಯೊಂದರಿಂದ ನಾಲ್ಕಾಣೆಯ ರಸೀದಿಗಳನ್ನು ತೆಗೆದು ದೀಪದ ಬೆಳಕಿಗೆ ಹಿಡಿದು ತೋರಿಸಿದರು. ವರ್ಷಕ್ಕೊಂದರಂತೆ, ಸೆರೆಮನೆಯ ವರ್ಷಗಳನ್ನು ಬಿಟ್ಟು, ಒಂದೂ ತಪ್ಪಿರಲಿಲ್ಲ. ತ್ರಿಪುರಿಗೆ ನೀವೂ ಹೋಗಿದ್ದಿರಾ ಎಂದು ಕೇಳಿದೆ.

“ನಾ ಎಲ್ಲಿ ಹೋಗ್ಲೋ ತಮ್ಮಾ, ಸುಗ್ಗಿ ಇತ್ತು. ನಾವು ಆರಿಸಿದವರು ಹೋಗಿದ್ರು. ತಿರುಗಿ ಬಂದ್ಮ್ಯಾಲ ಸಂತಿ ದಿವ್ಸ ಗುಡಿ ಕಟ್ಟಿಮ್ಯಾಲ ಕುಂದ್ರಿಸಿಕೊಂಡ್ವಿ. ಜನವರಿಯೊಳಗ ಚೀಟಿ ಹಾಕಿದ್ದು ಯಾರಿಗ್ರಿ, ಮಾರ್ಚಿನ್ಯಾಗ ಕೈ ಎತ್ತಿದ್ದು ಯಾತಕ್ರಿ, ಎರಡಕ್ಕೂ ಲೆಕ್ಕಾ ಹೇಳ್ರಿ ಅಂದ್ವಿ.”

ಅವರೇನು ಹೇಳಿದರು ಎಂದೆ. ಮುದುಕರು ರಸೀದಿಗಳನ್ನು ಒಂದರ ಮೇಲೊಂದು ಜೋಡಿಸಿ ಡಬ್ಬಿಯೊಳಗಿಡುತ್ತಾ ಹೇಳಿದರು: “ಬಾಪೂನ ಬಿಟ್ಟು ನಡಿಯೂ ಧೈರ್ಯ ಆಗ್ಲಿಲ್ರಪಾ ಅಂದ್ರು. ಖರೇನ ಹೇಳಿದ್ರು. ಅರ್ಧಾ ಮಂದಿ ಒಪ್ಪಿದ್ವಿ, ಅರ್ಧಾ ಮಂದಿ ಒಪ್ಪಲಿಲ್ಲ. ಹೊತ್ತು ಮುಳುಗೂತನಾ ಮಾತಾಡಿದ್ವಿ.”

ಮರುವರ್ಷ ಅವರನ್ನೇ ಕಳುಹಿಸಿದಿರಾ ಎಂದು ಕೇಳಿದೆ.

“ಇಲ್ಲ, ಬ್ಯಾರೆಯವರನ್ನ ಆರಿಸಿದ್ವಿ. ಮೊದಲಿನವರೂ ಬಂದು ನಮ್ಮ ಜೋಡೀನ ಚೀಟಿ ಹಾಕಿ ಹೋದ್ರು.”